ಮೂರನೇ ಟ್ಯೂಬು

ಈ ವರ್ಷದ ಲ್ಯಾಬ್ ಟೆಕ್ನಾಲಜಿ ಹುಡುಗ್ರು ನಮ್ಮ ಬ್ಲಡ್ ಬ್ಯಾಂಕಿಗೆ ಪೋಸ್ಟಿಂಗ್‌ಗೆ ಬಂದು ಹದಿನೈದು ದಿನ ಆಯ್ತು, ಡಿಎಂಎಲ್‌ಟಿಯವರು ಮೂರು ಜನ, ಬಿಎಸ್ಸಿ ಎಂಎಲ್‌ಟಿಯವರು ಇಬ್ಬರು. ಒಳ್ಳೆ ಮಕ್ಕಳು, ಕೈ ಚುರುಕಾಗಿದೆ, ಹೇಳಿದ್ದನ್ನ ಬರ್ಕೋತಾರೆ. ಮೊನ್ನೆ ಒಬ್ಬ ರಿವರ್ಸ್ ಗ್ರೂಪಿಂಗ್ (ಪ್ಲಾಸ್ಮಾದಿಂದ ರಕ್ತದ ಗ್ರೂಪ್ ನೋಡೋ ಟೆಸ್ಟ್) ಇಡ್ತಾ ಇದ್ದ. ಎ ಸೆಲ್ ಹಾಕ್ದ, ಬಿ ಸೆಲ್ ಹಾಕ್ದ, ಅಷ್ಟಕ್ಕೇ ಎರಡು ಟ್ಯೂಬ್ ಹಿಡ್ಕೊಂಡು ಸೆಂಟ್ರಿಫ್ಯೂಜ್ ಕಡೆ ಹೊರಟ. ಓ ಸೆಲ್ ಎಲ್ಲಪ್ಪಾ ಅಂದೆ. "ಮೇಡಂ, ಅದ್ರಲ್ಲಿ ಯಾವತ್ತೂ ಏನೂ ಬರಲ್ವಲ್ಲ" ಅಂದ.

ಅವನು ಹೇಳಿದ್ದು ಸುಳ್ಳೇನಲ್ಲ, ನೂರು ಸಲ ಇಟ್ರೆ ನೂರು ಸಲಾನೂ ಆ ಟ್ಯೂಬಲ್ಲಿ ಏನೂ ಬರಲ್ಲ, ಸಾವಿರ ಸಲ ಇಟ್ರೂ ಬರದೇ ಇರಬಹುದು. ಆದ್ರೆ ಅದರಲ್ಲಿ ಬಂದ ಒಂದು ರಾತ್ರಿ ನಾನು ನೋಡಿದೀನಿ, ಅದನ್ನ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ಆ ಕುಟುಂಬದ ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದೀನಿ, ಟೆಸ್ಟಿನ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೇ.

ಮೊದಲು ಸ್ವಲ್ಪ ಬುಡದಿಂದ ಹೇಳ್ತೀನಿ, ಫಸ್ಟ್ ಇಯರ್‌ನವರೂ ಓದ್ತಾರೆ ಅಂತ. ನಮ್ಮ ಕೆಂಪು ಕಣದ ಮೇಲೆ ಎ ಇದ್ರೆ ಎ ಗ್ರೂಪ್, ಬಿ ಇದ್ರೆ ಬಿ, ಎರಡೂ ಇದ್ರೆ ಎಬಿ, ಎರಡೂ ಇಲ್ಲ ಅಂದ್ರೆ ಓ. ಇದು ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಆದ್ರೆ ಬ್ಲಡ್ ಬ್ಯಾಂಕ್ ಅನ್ನೋದು ನಿಂತಿರೋದು ಇದರ ಇನ್ನೊಂದು ಅರ್ಧದ ಮೇಲೆ: ಕಣದ ಮೇಲೆ ಯಾವುದು ಇಲ್ವೋ ಅದರ ವಿರುದ್ಧದ ಆಂಟಿಬಾಡಿ ಪ್ಲಾಸ್ಮಾದಲ್ಲಿ ತಾನಾಗೇ ಇರತ್ತೆ. ಕಾರ್ಲ್ ಲ್ಯಾಂಡ್‌ಸ್ಟೈನರ್ ವಿಯೆನ್ನಾದಲ್ಲಿ ತನ್ನದೂ ತನ್ನ ಲ್ಯಾಬಿನವರದೂ ರಕ್ತ ತಗೊಂಡು, ಒಬ್ಬರ ಸೀರಂಗೆ ಇನ್ನೊಬ್ಬರ ಸೆಲ್ ಬೆರೆಸಿ ನೋಡಿ 1901ರಲ್ಲಿ ಬರೆದದ್ದು ಇದನ್ನೇ, ಅದಕ್ಕೆ 1930ರಲ್ಲಿ ನೊಬೆಲ್ ಬಂತು. ಹಾಗಾಗಿ ಒಂದೇ ರಕ್ತಕ್ಕೆ ಎರಡು ಸಾಕ್ಷಿ ಇರತ್ತೆ. ಫಾರ್ವರ್ಡ್ ಗ್ರೂಪಿಂಗಲ್ಲಿ ಆಂಟಿಸೀರಂ (ಯಾವುದು ಅಂತ ಗೊತ್ತಿರೋ ಆಂಟಿಬಾಡಿಯ ದ್ರವ) ಹಾಕಿ ಸೆಲ್‌ನ ಕೇಳ್ತೀವಿ, ರಿವರ್ಸ್‌ನಲ್ಲಿ ಗ್ರೂಪ್ ಗೊತ್ತಿರೋ ಎ, ಬಿ, ಓ ಸೆಲ್ ಹಾಕಿ ಪ್ಲಾಸ್ಮಾನ ಕೇಳ್ತೀವಿ. ಆಂಟಿಬಾಡಿ ಹಿಡಿದ್ರೆ ಸೆಲ್ ಮುದ್ದೆಗಟ್ಟತ್ತೆ, ಓ ಸೆಲ್ ಮೇಲೆ ಎ ಬಿ ಎರಡೂ ಇಲ್ಲದ್ದರಿಂದ ಅದರಲ್ಲಿ ಏನೂ ಬರಬಾರದು. ಇಬ್ಬರೂ ಒಂದೇ ಮಾತು ಹೇಳಿದ್ರೆ ಮಾತ್ರ ರಿಜಿಸ್ಟರಲ್ಲಿ ಬರೀಬೇಕು. (ಹುಟ್ಟಿದ ಮಗುವಿಗೆ ಮಾತ್ರ ರಿವರ್ಸ್ ಮಾಡಲ್ಲ, ಯಾಕಂದ್ರೆ ಅದರ ಸ್ವಂತ ಆಂಟಿಬಾಡಿ ಶುರುವಾಗೋಕೇ ಕೆಲವು ತಿಂಗಳು ಬೇಕು, ಇರೋದೆಲ್ಲ ತಾಯಿಯದು.)

ಟ್ಯೂಬ್ ಓದೋದು ಒಂದು ಅಭ್ಯಾಸ, ಪುಸ್ತಕದಿಂದ ಬರಲ್ಲ. ಸೆಲ್ ಸಸ್ಪೆನ್ಷನ್ ತೆಳು ಟೊಮೆಟೊ ಸಾರಿನ ಬಣ್ಣಕ್ಕೆ ಬರಬೇಕು, ಜಾಸ್ತಿ ಗಟ್ಟಿ ಮಾಡಿದ್ರೆ ವೀಕ್ ರಿಯಾಕ್ಷನ್ ಮುಚ್ಚಿಹೋಗತ್ತೆ. ಮೊದಲು ಆಂಟಿಸೀರಂ, ಆಮೇಲೆ ಸೆಲ್. ಆಂಟಿ ಎ ನೀಲಿ, ಆಂಟಿ ಬಿ ಹಳದಿ, ಹಾಕಿದ್ದು ಕಣ್ಣಿಗೆ ಕಾಣತ್ತೆ, ಮರೆತಿದ್ರೆ ಅದೂ ಕಾಣತ್ತೆ. ಸೆಲ್ ಮೊದಲು ಹಾಕಿಬಿಟ್ರೆ ಆ ಕೆಂಪಲ್ಲಿ ಏನು ಹಾಕಿದೀವಿ ಏನು ಬಿಟ್ಟಿದೀವಿ ಅಂತ ಗೊತ್ತಾಗಲ್ಲ. ಸ್ಪಿನ್ ಆದ ಮೇಲೆ ತಳದಲ್ಲಿ ಕೆಂಪು ಗುಂಡಿ ಕೂತಿರತ್ತೆ, ಟ್ಯೂಬನ್ನ ಮೆಲ್ಲಗೆ ಓರೆ ಮಾಡಿ ಆ ಗುಂಡಿ ಹೇಗೆ ಬಿಡತ್ತೆ ಅಂತ ನೋಡಬೇಕು. ನೆಗೆಟಿವ್ ಆದ್ರೆ ಊದುಬತ್ತಿ ಹೊಗೆ ತರ ಸುರುಳಿ ಸುರುಳಿಯಾಗಿ ಮೇಲೆ ಏಳತ್ತೆ, ಫೋರ್ ಪ್ಲಸ್ ಆದ್ರೆ ಇಡೀ ಗುಂಡಿ ಒಂದೇ ಮುದ್ದೆಯಾಗಿ ಜಾರತ್ತೆ, ಸುತ್ತ ನೀರು ತಿಳಿಯಾಗಿರತ್ತೆ. ಹುಡುಗ್ರು ಟ್ಯೂಬನ್ನ ಗಿಲಕಿ ತರ ಆಡಿಸ್ತಾರೆ, ಆಗ ಒನ್ ಪ್ಲಸ್ ಇದ್ದದ್ದು ಒಡೆದು ನೆಗೆಟಿವ್ ಆಗಿ ಕಾಣತ್ತೆ. ಕೈ ಸಾವಧಾನ ಇರ್ಲಿ.

ಈಗ ಆ ರಾತ್ರಿ. ಆಗ ನಾನು ಬೇರೆ ಕಡೆ ಇದ್ದೆ, ಮಲೆನಾಡಿನ ಒಂದು ಊರು, ಹೆಸರು ಬೇಡ. ನೈಟ್ ಡ್ಯೂಟಿಲಿ ನಾನು, ನನ್ನ ಜೊತೆ ಪೋಸ್ಟಿಂಗ್‌ಗೆ ಬಂದಿದ್ದ ಒಂದು ಹುಡುಗಿ. ಒಂದೂವರೆ ಹೊತ್ತಿಗೆ ಲೇಬರ್ ವಾರ್ಡಿಂದ ಸ್ಯಾಂಪಲ್ ಬಂತು, ಹೆರಿಗೆ ಆಗಿದೆ, ರಕ್ತ ಜಾಸ್ತಿ ಹೋಗಿದೆ, ಹಿಮೋಗ್ಲೋಬಿನ್ ಆರರ ಹತ್ತಿರ ಇದೆ, ಎರಡು ಬ್ಯಾಗ್ ಬೇಕು. ಜೊತೆಗೆ ತಾಲೂಕಿನ ಯಾವುದೋ ಲ್ಯಾಬಿನ ಹಳೇ ಚೀಟಿ, ಸ್ಲೈಡ್ ಮೇಲೆ ನೋಡಿ ಓ ಪಾಸಿಟಿವ್ ಅಂತ ಬರೆದದ್ದು. ಹುಡುಗಿ ಫಾರ್ವರ್ಡ್ ಇಟ್ಲು, ಎ ಜೊತೆ ಏನಿಲ್ಲ, ಬಿ ಜೊತೆ ಏನಿಲ್ಲ, ಡಿ (ಪಾಸಿಟಿವ್, ನೆಗೆಟಿವ್ ಅನ್ನೋದು ಇದರಿಂದ) ಫೋರ್ ಪ್ಲಸ್. ರಿವರ್ಸಲ್ಲಿ ಎ ಸೆಲ್ ಫೋರ್ ಪ್ಲಸ್, ಬಿ ಸೆಲ್ ಫೋರ್ ಪ್ಲಸ್. ಓ ಸೆಲ್ ಬೆಳಗ್ಗೆ ಮಾಡಿಟ್ಟ ಪೂಲ್ (ಕೆಲವು ಓ ಬ್ಯಾಗಿನ ಸೆಲ್ ಬೆರೆಸಿದ್ದು) ಸಂಜೆಗೇ ಖಾಲಿಯಾಗಿತ್ತು, ಮೂರು ಬ್ಯಾಗಿನ ಸೆಗ್ಮೆಂಟ್ (ಬ್ಯಾಗಿನ ನಳಿಕೆಯ ತುಂಡು) ಕತ್ತರಿಸಿ ಮೂರು ಸಲ ಸಲೈನಲ್ಲಿ ತೊಳೆದು ಹೊಸದು ಮಾಡಬೇಕಿತ್ತು. ನಾನೇ ಹೇಳಿದೆ, ಅರ್ಜೆಂಟ್ ಇದೆ, ಚೀಟಿನೂ ಓ ಅಂತಿದೆ, ಮುಂದಕ್ಕೆ ಹೋಗು ಅಂತ. ಆ ಮಾತು ನನ್ನದು, ಹುಡುಗಿದಲ್ಲ.

ಫ್ರಿಜ್ಜಲ್ಲಿ ಓ ಪಾಸಿಟಿವ್ ಬೇಕಾದಷ್ಟಿತ್ತು. ಎರಡು ಬ್ಯಾಗ್ ತೆಗೆದು ಕ್ರಾಸ್‌ಮ್ಯಾಚ್ ಇಟ್ವಿ, ಅಂದ್ರೆ ರೋಗಿಯ ಪ್ಲಾಸ್ಮಾಗೆ ದಾನಿಯ ಸೆಲ್. ಇಮ್ಮೀಡಿಯೆಟ್ ಸ್ಪಿನ್ನಲ್ಲೇ, ಅಂದ್ರೆ ಬೆರೆಸಿದ ಕೂಡಲೇ ತಿರುಗಿಸಿ ನೋಡಿದಾಗಲೇ, ಎರಡೂ ಮುದ್ದೆ. ಮೇಲೆ ಪ್ಲಾಸ್ಮಾ ಸ್ವಲ್ಪ ಕೆಂಪಾಗಿತ್ತು, ಅಂದ್ರೆ ಸೆಲ್ ಒಡೀತಾ ಇದೆ. ಇನ್ನೆರಡು ಬ್ಯಾಗ್ ತೆಗೆದ್ವಿ, ಹಂಗೇ. ಹುಡುಗಿ ನನ್ನ ಮುಖ ನೋಡಿದ್ಲು. ಅಷ್ಟರಲ್ಲಿ ವಾರ್ಡಿಂದ ಡ್ಯೂಟಿ ಡಾಕ್ಟ್ರು ಫೋನ್, "ಓ ಪಾಸಿಟಿವ್ ತಾನೆ ಮೇಡಂ, ನಿಮ್ಮತ್ರ ಸ್ಟಾಕ್ ಇದೆಯಲ್ಲ, ಕೊಡೋಕೇನು?" ಅಂತ. ಅವರನ್ನ ಬೈಯೋಕಾಗಲ್ಲ, ಅವರ ಕಣ್ಣೆದುರಿಗೆ ಹೆಂಗಸು ಬಿಳಿಚಿಕೊಂಡು ಮಲಗಿದಾಳೆ. ಕೊಡೋಕಾಗಲ್ಲ ಸರ್, ಯಾವ ಬ್ಯಾಗೂ ಮ್ಯಾಚ್ ಆಗ್ತಿಲ್ಲ, ಹೊಸ ಸ್ಯಾಂಪಲ್ ಬೇಕು, ನಾನೇ ಬರ್ತೀನಿ ಅಂದೆ.

ಯಾಕೆ ನಾನೇ ಹೋದೆ ಅಂತ ಹೇಳ್ಬೇಕು. ಟ್ರಾನ್ಸ್‌ಫ್ಯೂಷನ್‌ನಲ್ಲಿ ಗ್ರೂಪ್ ತಪ್ಪಾಗಿ ಪ್ರಾಣ ಹೋಗೋದು ಹೆಚ್ಚಾಗಿ ಕೆಮಿಸ್ಟ್ರಿ ತಪ್ಪಿಂದಲ್ಲ, ಹೆಸರಿನ ತಪ್ಪಿಂದ. ಒಬ್ಬರ ಸ್ಯಾಂಪಲ್ ಇನ್ನೊಬ್ಬರ ಟ್ಯೂಬಿಗೆ, ಒಬ್ಬರ ಬ್ಯಾಗ್ ಇನ್ನೊಬ್ಬರ ಬೆಡ್ಡಿಗೆ. ಒಂದೇ ವಾರ್ಡಲ್ಲಿ ಒಂದೇ ಹೆಸರಿನ ಇಬ್ಬರು ಇರೋದು ನಮ್ಮ ಕಡೆ ದಿನಾ ನಡೆಯೋ ವಿಷಯ. ಬೆಡ್ ಹತ್ರ ಹೋಗಿ "ನಿಮ್ಮ ಹೆಸರು ಲಕ್ಷ್ಮೀನಾ?" ಅಂತ ಕೇಳಬೇಡಿ, ಸುಸ್ತಾದವರು ಏನು ಕೇಳಿದ್ರೂ ಹೂಂ ಅಂತಾರೆ. "ನಿಮ್ಮ ಹೆಸರೇನಮ್ಮಾ, ಯಾವೂರು?" ಅಂತ ಕೇಳಿ ಅವರ ಬಾಯಿಂದಲೇ ಬರಲಿ, ಐಪಿ ನಂಬರ್ (ಅಡ್ಮಿಟ್ ಆದವರ ನಂಬರ್) ನೋಡಿ, ಟ್ಯೂಬಿಗೆ ಲೇಬಲ್ ಅಲ್ಲೇ ಬೆಡ್ ಪಕ್ಕದಲ್ಲೇ ಬರೀರಿ. ಸ್ಟೇಷನ್ನಿಗೆ ವಾಪಸ್ ಬಂದು ಬರೀತೀನಿ ಅಂತ ನಾಲ್ಕು ಟ್ಯೂಬ್ ಜೇಬಲ್ಲಿ ಹಾಕ್ಕೊಂಡು ಬರೋರನ್ನ ಕಂಡ್ರೆ ನನಗೆ ಈಗ್ಲೂ ಮೈ ಉರಿಯತ್ತೆ. ಲೇಬಲ್ ಇಲ್ಲದ ಸ್ಯಾಂಪಲ್ ಬಂದ್ರೆ ವಾಪಸ್ ಕಳಿಸಿ, ಯಾರು ಎಷ್ಟೇ ಕೂಗಾಡ್ಲಿ.

ಹೊಸ ಸ್ಯಾಂಪಲ್ಲಲ್ಲೂ ಅದೇ ರಿಸಲ್ಟ್. ಆಗ ಓ ಸೆಲ್ ಪೂಲ್ ಮಾಡಿದೆ, ಮೂರನೇ ಟ್ಯೂಬ್ ಇಟ್ಟೆ. ಜೊತೆಗೆ ಆಟೋ ಕಂಟ್ರೋಲ್, ಅಂದ್ರೆ ಅವಳದೇ ಪ್ಲಾಸ್ಮಾಗೆ ಅವಳದೇ ಸೆಲ್. ಸ್ಪಿನ್ ಆಯ್ತು. ಓ ಸೆಲ್ ಟ್ಯೂಬಲ್ಲಿ ಇಡೀ ಗುಂಡಿ ಒಂದೇ ಮುದ್ದೆಯಾಗಿ ಜಾರಿತು. ಆಟೋ ಕಂಟ್ರೋಲ್‌ನಲ್ಲಿ ಹೊಗೆ ಎದ್ದ ಹಾಗೆ ನಯವಾಗಿ ಬಿಟ್ಟುಕೊಂಡ್ತು, ನೆಗೆಟಿವ್. ಆ ಎರಡು ಟ್ಯೂಬ್ ಪಕ್ಕಪಕ್ಕ ಹಿಡ್ಕೊಂಡಾಗ ನನ್ನ ಕೈ ತಣ್ಣಗಾಯ್ತು. ಅವಳ ಪ್ಲಾಸ್ಮಾ ಊರಿನ ಎಲ್ಲರ ರಕ್ತದ ಮೇಲೂ ಬೀಳತ್ತೆ, ಅವಳ ಸ್ವಂತ ರಕ್ತ ಬಿಟ್ಟು. ಫ್ರಿಜ್ಜಲ್ಲಿ ಮೂಲೆಲಿ ಕೂತಿದ್ದ ಆಂಟಿ ಎಚ್ ಲೆಕ್ಟಿನ್ (ಮಾಮೂಲಿ ಓ ಸೆಲ್ ಮೇಲಿರೋ ಎಚ್ ಅನ್ನೋದನ್ನ ಹಿಡಿಯೋ ದ್ರವ) ಬಾಟ್ಲಿ ತೆಗೆದು, ಎಕ್ಸ್‌ಪೈರಿ ನೋಡಿ, ಒಂದು ಕಡೆ ಮಾಮೂಲಿ ಓ ಸೆಲ್, ಇನ್ನೊಂದು ಕಡೆ ಅವಳ ಸೆಲ್ ಇಟ್ಟೆ. ಮಾಮೂಲಿ ಓ ಗಟ್ಟಿಯಾಗಿ ಹಿಡೀತು. ಅವಳದು ಮುಟ್ಟಲೇ ಇಲ್ಲ. ಬಾಂಬೆ ಗ್ರೂಪ್.

ಇದನ್ನ ಮೊದಲು ಬರೆದವರು ವೈ. ಎಂ. ಭೇಂಡೆ ಮತ್ತು ಅವರ ಜೊತೆಯವರು, 1952ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಆಗಿನ ಬಾಂಬೆಯಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಹುಡುಗ್ರಿಗೆ ನಾನು ಹೀಗೆ ಹೇಳ್ತೀನಿ: ಗೋಡೆಗೆ ಮೊಳೆ ಇದ್ರೆ ತಾನೆ ಕ್ಯಾಲೆಂಡರ್ ನೇತು ಹಾಕೋದು? ಕೆಂಪು ಕಣದ ಮೇಲೆ ಎಚ್ ಅನ್ನೋದೇ ಆ ಮೊಳೆ. ಎ ಜೀನ್ ಇದ್ದವರು ಆ ಮೊಳೆಗೆ ಎ ಕ್ಯಾಲೆಂಡರ್ ಹಾಕ್ತಾರೆ, ಬಿ ಇದ್ದವರು ಬಿ ಹಾಕ್ತಾರೆ, ಓ ಅವರದ್ದು ಬರೀ ಮೊಳೆ, ಏನೂ ನೇತಾಡ್ತಿರಲ್ಲ. ಬಾಂಬೆಯವರಿಗೆ ಮೊಳೆನೇ ಇಲ್ಲ. ಹಾಗಾಗಿ ಎ ಇಲ್ಲ, ಬಿ ಇಲ್ಲ, ಫಾರ್ವರ್ಡಲ್ಲಿ ನೋಡಿದ್ರೆ ಅಚ್ಚು ಓ ತರಾನೇ ಕಾಣತ್ತೆ. ಆದ್ರೆ ಅವರ ಪ್ಲಾಸ್ಮಾದಲ್ಲಿ ಆಂಟಿ ಎ, ಆಂಟಿ ಬಿ ಜೊತೆಗೆ ಆಂಟಿ ಎಚ್ ಇರತ್ತೆ, ಅದೂ ದೇಹದ ಬಿಸಿಯಲ್ಲೇ ಕೆಲಸ ಮಾಡಿ ಸೆಲ್ ಒಡೆಯೋ ಅಂಥದ್ದು. ಎಚ್ ಅತಿ ಹೆಚ್ಚು ಇರೋದು ಓ ಸೆಲ್ ಮೇಲೆ. ಎಲ್ಲರಿಗೂ ಕೊಡಬಹುದು ಅಂತ ನಾವು ಎಮರ್ಜೆನ್ಸಿಲಿ ಕಣ್ಣುಮುಚ್ಚಿ ಕೊಡೋ ಓ ರಕ್ತವೇ ಇವರಿಗೆ ವಿಷ. ನಮ್ಮ ದೇಶದಲ್ಲಿ ಸುಮಾರು 10,000 ಜನಕ್ಕೆ ಒಬ್ಬರು ಅಂತ ಲೆಕ್ಕ ಹೇಳ್ತಾರೆ, ಯುರೋಪಲ್ಲಿ 10 ಲಕ್ಷಕ್ಕೆ ಒಬ್ಬರು. ಹಾಗಾಗಿ ಇದು ವೈವಾದಲ್ಲಿ ಕೇಳೋ ಅಪರೂಪದ ಪ್ರಶ್ನೆ ಅಂತ ಬಿಡೋಕಾಗಲ್ಲ, ನಿಮ್ಮ ಸರ್ವೀಸಲ್ಲಿ ಒಂದು ಸಲ ಆದ್ರೂ ಇಂಥವರ ಸ್ಯಾಂಪಲ್ ನಿಮ್ಮ ರ‍್ಯಾಕಲ್ಲಿ ಇರೋ ಸಾಧ್ಯತೆ ಚೆನ್ನಾಗೇ ಇದೆ.

ಲೆಕ್ಟಿನ್ ಅಂದ್ರೆ ಗಿಡದ ಬೀಜದಿಂದ ತೆಗೆಯೋ ಪ್ರೋಟೀನು, ಕೆಲವು ಕೆಂಪು ಕಣಗಳನ್ನ ಮಾತ್ರ ಆರಿಸಿ ಹಿಡಿಯತ್ತೆ. ಆಂಟಿ ಎಚ್ ಬರೋದು ಯೂಲೆಕ್ಸ್ ಅನ್ನೋ ಯುರೋಪಿನ ಮುಳ್ಳುಗಿಡದಿಂದ, ಅದನ್ನ ನಾವ್ಯಾರೂ ನೋಡಿಲ್ಲ. ಆದ್ರೆ ಎ ಗ್ರೂಪಿನ ಒಳಗುಂಪು ಎ1 ಮತ್ತು ಎ2 ಬೇರೆ ಮಾಡೋ ಆಂಟಿ ಎ1 ಲೆಕ್ಟಿನ್ ಇದೆಯಲ್ಲ, ಡಾಲಿಕೋಸ್ ಬೈಫ್ಲೋರಸ್ ಅಂತ ಬಾಯಿಪಾಠ ಮಾಡ್ತೀರಲ್ಲ, ಅದು ನಮ್ಮ ಹುರುಳಿಕಾಳು ಕಣ್ರೋ. ಇದನ್ನ ಹೇಳಿದಾಗ ಪ್ರತೀ ಬ್ಯಾಚಲ್ಲೂ ಮಕ್ಕಳ ಮುಖ ಅರಳತ್ತೆ. ಒಂದ್ಸಲ ನಾವೇ ಮನೆಯಿಂದ ಹುರುಳಿ ತಂದು, ಪುಡಿ ಮಾಡಿ, ಸಲೈನಲ್ಲಿ ನೆನೆಸಿ, ಸೋಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿ ತೆಗೆದು ಟೈಲ್ ಮೇಲೆ ಹಾಕಿದ್ವಿ. ಎ ಸೆಲ್ ಕಣ್ಣೆದುರಿಗೇ ಮೊಸರು ಒಡೆದ ಹಾಗೆ ಕಾಳು ಕಾಳು ಆಯ್ತು, ಪಕ್ಕದಲ್ಲಿ ಬಿ ಮತ್ತು ಓ ಸುಮ್ನೆ ಹಾಗೇ ಇದ್ವು. ರಿಪೋರ್ಟಿಗೆ ಇದನ್ನ ಬಳಸೋ ಹಾಗಿಲ್ಲ, ಎ2 ಸೆಲ್ ಹಿಡೀದೇ ಇರೋ ಮಟ್ಟಕ್ಕೆ ಅಳತೆ ಮಾಡಿ ಡೈಲ್ಯೂಟ್ ಮಾಡಬೇಕು, ಕ್ವಾಲಿಟಿ ಕಂಟ್ರೋಲ್ ಬೇಕು. ಆದ್ರೆ ಕಲಿಯೋಕೆ ಇದಕ್ಕಿಂತ ಚೆನ್ನಾಗಿರೋದು ಇಲ್ಲ.

ರಕ್ತ ಎಲ್ಲಿಂದ ತರೋದು? ಬಾಂಬೆಯವರಿಗೆ ಬಾಂಬೆಯವರದೇ ಆಗ್ಬೇಕು. ಅವಳ ಅಪ್ಪ ಅಮ್ಮ ಸೋದರಮಾವ, ಅಕ್ಕನ ಮಗಳು ಅಂತ ಗೊತ್ತಾಯ್ತು. ಮೊಳೆ ಇಲ್ಲದ ಜೀನು ಎರಡೂ ಕಡೆಯಿಂದ ಬಂದ್ರೆ ಮಾತ್ರ ಹೀಗಾಗೋದು, ಹತ್ತಿರದ ಸಂಬಂಧದಲ್ಲಿ ಮದುವೆ ಆದಾಗ ಅದಕ್ಕೆ ದಾರಿ ಸುಲಭ. ಒಡಹುಟ್ಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇರೋ ಸಾಧ್ಯತೆ ಇರತ್ತೆ. ಹಾಗಾಗಿ ಬೆಳಗಾಗೋದ್ರೊಳಗೆ ತಮ್ಮನ್ನ ಕರೆಸಿದ್ವಿ, ಅವನೂ ಬಾಂಬೆ. ಮನೆಯವರಿಗೆ ಖುಷಿ, ಈಗಲೇ ತೆಗೀರಿ ಅಂತ. ಆದ್ರೆ ಒಂದು ತೊಡಕಿತ್ತು. ಹತ್ತಿರದ ರಕ್ತಸಂಬಂಧಿಯ ರಕ್ತ ಕೊಟ್ರೆ ಅದರಲ್ಲಿರೋ ಲಿಂಫೋಸೈಟ್‌ಗಳನ್ನ (ಒಂದು ಬಗೆಯ ಬಿಳಿ ರಕ್ತಕಣ) ರೋಗಿಯ ದೇಹ ಹೊರಗಿನವರು ಅಂತ ಗುರುತು ಹಿಡೀದೇ ಬಿಟ್ಟುಬಿಡಬಹುದು, ಅವು ಒಳಗೇ ಬೆಳೆದು ಅವಳ ದೇಹದ ಮೇಲೇ ತಿರುಗಿ ಬೀಳ್ತವೆ. ಅಪರೂಪ, ಆದ್ರೆ ಬಂದ್ರೆ ಉಳಿಯೋರು ತೀರಾ ಕಮ್ಮಿ. ಅದಕ್ಕೆ ಅಂಥ ಬ್ಯಾಗನ್ನ 25 ಗ್ರೇ ರೇಡಿಯೇಷನ್ ಕೊಟ್ಟು ಆಮೇಲೆ ಹಾಕಬೇಕು, ಆ ಮಿಷನ್ ನಮ್ಮ ಊರಲ್ಲಿರಲಿಲ್ಲ. ತಮ್ಮನ ಹೆಸರು ಬರೆದಿಟ್ಕೊಂಡ್ವಿ. ಡಾಕ್ಟ್ರು ಬ್ಲೀಡಿಂಗ್ ಹಿಡಿದಿಟ್ಟು ಡ್ರಿಪ್ ಮತ್ತೆ ಆಕ್ಸಿಜನ್ ಮೇಲೆ ಕಾಯ್ತಾ ಇದ್ರು, ನಮ್ಮ ಮೆಡಿಕಲ್ ಆಫೀಸರ್ ಫೋನ್ ಮೇಲೆ ಫೋನ್ ಮಾಡಿ ದೂರದ ಊರಿನ ಒಬ್ಬ ಬಾಂಬೆ ಗ್ರೂಪ್ ಡೋನರ್‌ನ ಹುಡುಕಿದ್ರು.

ಆ ಡೋನರ್ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದ್ರು. ಹಿಂದಿನ ಸಲ ಕೊಟ್ಟು 90 ದಿನ ದಾಟಿತ್ತು (ಗಂಡಸರಿಗೆ 90, ಹೆಂಗಸರಿಗೆ 120 ದಿನದ ಅಂತರ ಬೇಕು), ಹಿಮೋಗ್ಲೋಬಿನ್ 12.5ರ ಮೇಲಿತ್ತು, ತೂಕ ಸಾಕಷ್ಟಿತ್ತು. ಎಷ್ಟೇ ಅರ್ಜೆಂಟ್ ಇದ್ರೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಐದೂ ಟೆಸ್ಟ್ ಮುಗೀದೇ ಬ್ಯಾಗ್ ಹೊರಗೆ ಹೋಗೋ ಹಾಗಿಲ್ಲ, ಆ ಕೆಲವು ಗಂಟೆ ಯಾರೂ ಮಾತಾಡಲಿಲ್ಲ. ಒಂದು ಪೈಸೆ ತಗೊಳ್ಳಲಿಲ್ಲ ಆ ಮನುಷ್ಯ, ಬಸ್ ಚಾರ್ಜು ಕೊಡ್ತೀವಿ ಅಂದ್ರೂ ಬೇಡ ಅಂದ್ರು. ದುಡ್ಡಿಗೆ ರಕ್ತ ಮಾರೋದನ್ನ ಸುಪ್ರೀಂ ಕೋರ್ಟ್ 1996ರ ತೀರ್ಪಲ್ಲಿ ನಿಲ್ಲಿಸಿ ಅಂತ ಹೇಳಿ 1998ರ ಜನವರಿಯಿಂದ ಅದು ನಿಂತದ್ದು, ಅದಕ್ಕೆ ಮುಂಚೆ ಬ್ಲಡ್ ಬ್ಯಾಂಕ್ ಬಾಗಿಲಲ್ಲಿ ನಿಂತಿರ್ತಿದ್ದವರ ಕಥೆ ನಮ್ಮ ಸೀನಿಯರ್‌ಗಳು ಹೇಳೋರು. ಅದನ್ನ ಕೇಳಿದವರಿಗೆ ಇಂಥ ಡೋನರ್ ಎದುರಿಗೆ ಕೂತಾಗ ಕಣ್ಣು ತುಂಬಿ ಬರದೇ ಇರಲ್ಲ.

ಕ್ರಾಸ್‌ಮ್ಯಾಚ್‌ನ ಆ ಹುಡುಗಿ ಕೈಲೇ ಮಾಡಿಸಿದೆ. ಇಮ್ಮೀಡಿಯೆಟ್ ಸ್ಪಿನ್ ನೆಗೆಟಿವ್. 37 ಡಿಗ್ರಿಲಿ ಇಟ್ಟು ತೆಗೆದ್ವಿ, ನೆಗೆಟಿವ್. ಮೂರು ಸಲ ತೊಳೆದು ಕೂಂಬ್ಸ್ ಸೀರಂ ಹಾಕಿದ್ವಿ, ನೆಗೆಟಿವ್. ಇಲ್ಲಿಗೆ ಬಿಡಬಾರದು, ಇಲ್ಲೂ ಒಂದು ಕಡೇ ಕೆಲಸ ಇದೆ, ಎಷ್ಟೋ ಜನ ಅದನ್ನೂ ಬಿಡ್ತಾರೆ. ಕೂಂಬ್ಸ್ 1945ರಲ್ಲಿ ತನ್ನ ಜೊತೆಯವರೊಂದಿಗೆ ಕೊಟ್ಟ ಈ ಟೆಸ್ಟು ಸೆಲ್‌ಗೆ ಅಂಟಿರೋ, ಕಣ್ಣಿಗೆ ಕಾಣದ ಆಂಟಿಬಾಡಿನ ಹಿಡಿಯೋಕೆ. ತೊಳೆಯೋದು ಸರಿಯಾಗದೇ ಪ್ಲಾಸ್ಮಾ ಒಂಚೂರು ಉಳಿದಿದ್ರೂ ಕೂಂಬ್ಸ್ ಸೀರಂ ಅದರ ಜೊತೆನೇ ಖರ್ಚಾಗಿ ಹೋಗತ್ತೆ, ಟ್ಯೂಬ್ ಸುಳ್ಳೇ ನೆಗೆಟಿವ್ ತೋರಿಸತ್ತೆ. ಅದಕ್ಕೆ ನೆಗೆಟಿವ್ ಬಂದ ಪ್ರತೀ ಟ್ಯೂಬಿಗೂ ಐಜಿಜಿ (ಒಂದು ಬಗೆಯ ಆಂಟಿಬಾಡಿ) ಹಚ್ಚಿದ ಚೆಕ್ ಸೆಲ್ ಹಾಕಿ ಮತ್ತೆ ಸ್ಪಿನ್ ಮಾಡಬೇಕು, ಈಗ ಕ್ಲಂಪ್ ಬರಲೇಬೇಕು. ಬಂದ್ರೆ ಕೂಂಬ್ಸ್ ಸೀರಂ ಒಳಗೆ ಇನ್ನೂ ಬದುಕಿತ್ತು ಅಂತ ಅರ್ಥ. ಬರಲಿಲ್ಲ ಅಂದ್ರೆ ನಿಮ್ಮ ನೆಗೆಟಿವ್‌ಗೆ ಬೆಲೆ ಇಲ್ಲ, ಮೊದಲಿಂದ ಮಾಡಿ. ಓ ಸೆಲ್ ಟ್ಯೂಬಲ್ಲಿ ಏನೂ ಬರಬಾರದು, ಆಟೋ ಕಂಟ್ರೋಲಲ್ಲಿ ಏನೂ ಬರಬಾರದು, ಚೆಕ್ ಸೆಲ್ಲಲ್ಲಿ ಬರಲೇಬೇಕು. ಏನು ಬರತ್ತೆ ಅಂತ ಮೊದಲೇ ಗೊತ್ತಿರೋ ಈ ಟ್ಯೂಬ್‌ಗಳೇ ಅವಸರದಲ್ಲಿ ಮೊದಲು ತಪ್ಪಿಹೋಗೋದು. ಈಗ ಜೆಲ್ ಕಾರ್ಡ್ (ಟ್ಯೂಬಿನ ಬದಲು ಜೆಲ್ ತುಂಬಿದ ಸಣ್ಣ ಕಾಲಂಗಳ ಕಾರ್ಡ್) ಬಂದ ಮೇಲೆ ತೊಳೆಯೋ ಗೋಳು ಇಲ್ಲ, ಚೆಕ್ ಸೆಲ್ಲೂ ಬೇಡ, ಆದ್ರೆ ಜೆಲ್ಲಲ್ಲೂ ಓ ಸೆಲ್‌ಗೆ ಅಂತ ಒಂದು ಕಾಲಂ ಇಡಬೇಕು ಅಂತ ನಾನು ಹಟ ಹಿಡೀತೀನಿ, ರಿಯೇಜೆಂಟ್ ಖರ್ಚು ಅಂತ ಯಾರು ಹೇಳಿದ್ರೂ.

ಚೆಕ್ ಸೆಲ್ ಹಿಡೀತು. ಬ್ಯಾಗ್ ಇಶ್ಯೂ ಆಯ್ತು, ಮೊದಲ ಹದಿನೈದು ನಿಮಿಷ ನಿಧಾನಕ್ಕೆ ಬಿಡಿ, ಚಳಿ, ಬೆನ್ನುನೋವು, ಉರಿ ಏನಾದ್ರೂ ಅಂದ್ರೆ ತಕ್ಷಣ ನಿಲ್ಲಿಸಿ, ನಾಲ್ಕು ಗಂಟೆ ಒಳಗೆ ಮುಗಿಸಿ ಅಂತ ಸಿಸ್ಟರ್‌ಗೆ ಹೇಳಿ ನಾನು ಅಲ್ಲೇ ನಿಂತಿದ್ದೆ. ಏನೂ ಆಗಲಿಲ್ಲ. ಮಾರನೇ ದಿನಕ್ಕೆ ಎದ್ದು ಕೂತ್ಲು.

ಮಗುವಿನ ವಿಷಯ ಬಿಟ್ಟೆ. ಕಾರ್ಡ್ ಬ್ಲಡ್ (ಹೊಕ್ಕುಳಬಳ್ಳಿಯ ರಕ್ತ) ಬಂದಿತ್ತು, ಡಿಸಿಟಿ (ಮಗುವಿನ ಸೆಲ್‌ಗೆ ಆಂಟಿಬಾಡಿ ಅಂಟಿದೆಯಾ ಅಂತ ನೋಡೋ ಟೆಸ್ಟ್) ನೆಗೆಟಿವ್, ಗ್ರೂಪ್ ಬಿ ಪಾಸಿಟಿವ್. ಗಂಡನದು ನೋಡಿದ್ರೆ ಓ ಪಾಸಿಟಿವ್, ಮೂರನೇ ಟ್ಯೂಬ್ ಇಟ್ಟು ನೋಡಿದ ಖಾತ್ರಿ ಓ. ಅತ್ತೆ ಮಗುವಿನ ಕಾರ್ಡ್ ಹಿಡ್ಕೊಂಡು ನಮ್ಮ ಕೌಂಟರಿಗೆ ಬಂದ್ರು, ಜೊತೆಗೆ ಪಿಯುಸಿ ಓದೋ ಮನೆ ಹುಡುಗ. ಅವನು ಆಗಲೇ ಹೇಳಿಬಿಟ್ಟಿದ್ದ, ಓ ಮತ್ತು ಓಗೆ ಬಿ ಹುಟ್ಟಲ್ಲ ಅಂತ. ಅತ್ತೆ ದನಿ ತಗ್ಗಿಸಿ "ಇದು ಹೆಂಗಮ್ಮಾ?" ಅಂತ ಕೇಳಿದ್ರು, ಆ ದನಿಯಲ್ಲಿ ಏನಿತ್ತು ಅಂತ ನನಗೆ ಗೊತ್ತಾಯ್ತು. ತಾಲೂಕಿನ ಆ ಚೀಟಿಲಿ ಬರೆದ ಓ ಹಾಗೇ ಉಳಿದಿದ್ರೆ, ರಕ್ತ ಬೇಕಾಗದೇ ಮನೆಗೆ ಹೋಗಿದ್ರೆ, ಆ ಬಾಣಂತಿ ಜೀವನಪೂರ್ತಿ ಉತ್ತರ ಕೊಡ್ಕೊಂಡು ಕೂರಬೇಕಿತ್ತು.

ಒಳಗೆ ಕರೆದು ಸ್ಟೂಲ್ ಹಾಕಿ ಕೂರಿಸಿದೆ. ಗೋಡೆ ಮೇಲಿದ್ದ ಕ್ಯಾಲೆಂಡರ್ ತೆಗೆದೆ, ಮೊಳೆ ತೋರಿಸಿದೆ. "ನೋಡಿಮ್ಮಾ, ನಿಮ್ಮ ಸೊಸೆ ಹತ್ರ ಬಿ ಅನ್ನೋ ಕ್ಯಾಲೆಂಡರ್ ಹುಟ್ಟಿದಾಗಿಂದ ಇದೆ, ನೇತು ಹಾಕೋಕೆ ಮೊಳೆ ಇಲ್ಲ ಅಷ್ಟೆ, ಅದಕ್ಕೇ ಯಾರ ಕಣ್ಣಿಗೂ ಕಾಣಲಿಲ್ಲ. ಮಗುಗೆ ಕ್ಯಾಲೆಂಡರ್ ಅಮ್ಮ ಕೊಟ್ಲು, ಮೊಳೆ ನಿಮ್ಮ ಮಗ ಕೊಟ್ಟ." ಅವರು ಸ್ವಲ್ಪ ಹೊತ್ತು ಆ ಮೊಳೆನೇ ನೋಡ್ತಾ ಕೂತ್ರು. ಆಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು, ಬಾಣಂತಿಗೆ ಇವತ್ತು ಊಟಕ್ಕೆ ಏನು ಕೊಡಬಹುದು ಅಂತ ಕೇಳಿದ್ರು.